ನಾಲ್ಕು ತಟ್ಟು

ಮಾರ್ಚ್ 2, ಭಾನುವಾರ

ಬುಗುರಿ ಮದುವೆಯಾಗುತ್ತಿದ್ದಾಳೆ. ಐವತ್ತಾರನೆಯ ವಯಸ್ಸಿನಲ್ಲಿ, ಸಮುದ್ರದ ದಡದಲ್ಲಿ, ಬರಿಗಾಲಲ್ಲಿ. ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ನನ್ನ ತಕರಾರಿಲ್ಲ.

ಬೆಳಿಗ್ಗೆ ಪೇಪರಿನ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತ ಕೂತಿದ್ದಾಗ ಅವಳ ಫೋನು ಬಂತು. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಕೈ ಇದು. ನಿವೃತ್ತಿಯಾಗಿ ಎರಡು ವರ್ಷವಾದರೂ ಕೆಂಪು ಪೆನ್ನು ಬಿಟ್ಟಿಲ್ಲ.

"ಏನೇ ಕೋರ್ಟು, ಬದುಕಿದೀಯಾ?" ಎಲ್ಲದಕ್ಕೂ ತೀರ್ಪು ಕೊಡುತ್ತೇನೆಂದು ಅವಳು ನನಗಿಟ್ಟ ಹೆಸರದು.

"ನಿನ್ನೆ ಪೇಪರಲ್ಲಿ ನನ್ನ ಪತ್ರ ಬಂದಿದೆ. ಸತ್ತವರು ಸಂಪಾದಕರಿಗೆ ಪತ್ರ ಬರೆಯಲ್ಲ."

"ನೋಡ್ದೆ. ಚೌಕದ ಗಡಿಯಾರ ನಿಂತಿರೋದರ ಬಗ್ಗೆ ತಾನೆ? ಪಾಪ, ನೀನು ಕೊಡೋ ಕಾಟಕ್ಕೆ ಅದು ನಿಂತಿರೋದು."

ಆಮೇಲೆ ಸುದ್ದಿ ಹೇಳಿದಳು. ವರ ಕನ್ನಡಕದ ಅಂಗಡಿಯವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಇವಳು ಓದುವ ಕನ್ನಡಕ ಮಾಡಿಸಲು ಹೋದವಳು, ಮೂರು ತಿಂಗಳಲ್ಲಿ ಐದು ಸಲ ಗಾಜು ಬದಲಾಯಿಸಿಕೊಂಡಳಂತೆ. ಕಣ್ಣು ಕೆಟ್ಟಿದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮದುವೆಯ ಹೆಸರು 'ಡೆಸ್ಟಿನೇಶನ್ ವೆಡ್ಡಿಂಗ್'. ಅಂದರೆ ಗುರಿ ಮುಟ್ಟಿದ ಮದುವೆ. ಉಳಿದವರ ಮದುವೆಗಳೆಲ್ಲ ನಡುದಾರಿಯಲ್ಲಿ ಕೆಟ್ಟು ನಿಂತವೇ? ಇದನ್ನೇ ಕೇಳಿದೆ.

"ನನ್ನ ಕಿಟಕಿ ಎದುರಿಗೆ ಮೂವತ್ತು ವರ್ಷದಿಂದ ಪಕ್ಕದ ಕಟ್ಟಡದ ಗೋಡೆ ಇದೆ ಕಣೇ," ಎಂದಳು. "ಮದುವೆಯಾದ್ರೂ ಎದುರಿಗೆ ಏನೂ ಇಲ್ಲದ ಕಡೆ ಆಗ್ಲಿ."

ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಅಪರೂಪ.

"ನೀನು ನುಡಿಸ್ಬೇಕು. ಡ್ರಮ್ಮಿಗೆ ಒಂದೂವರೆ ಆಗ್ಲೇ ಒಪ್ಪಿದಾನೆ. ನಾನು 'ಮೆಟ್ಟಿಲು' ನುಡಿಸ್ಕೊಂಡು ನಡೆದು ಬರಬೇಕು ಅಂತ ಆಸೆ."

ಇಪ್ಪತ್ತೆಂಟು ವರ್ಷಗಳಿಂದ ನಮ್ಮಿಬ್ಬರ ನಡುವೆ ಯಾರೂ ಉಚ್ಚರಿಸದ ಹೆಸರು ಅದು. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ.

ಬರೆದಿಡುವುದು ಒಳ್ಳೆಯದು, ಜನ ಮರೆಯುತ್ತಾರೆ, ನಾನು ಮರೆಯುವುದಿಲ್ಲ. ನಾವು ಮೂವರು. ನಾನು ಅಕಾರ್ಡಿಯನ್, ಬುಗುರಿ ಮ್ಯಾಂಡೊಲಿನ್, ಡ್ರಮ್ಮಿಗೆ ಒಂದೂವರೆ. ಅವನ ಗಾತ್ರಕ್ಕೆ ಒಬ್ಬ ಎಂದು ಎಣಿಸುವುದು ಅನ್ಯಾಯವೆಂದು ನಮ್ಮ ತಂಡಕ್ಕೆ 'ಮೂರೂವರೆ' ಎಂದೇ ಹೆಸರಿಟ್ಟಿದ್ದೆವು. 'ಮೆಟ್ಟಿಲು' ನಾನು ಕಟ್ಟಿದ ಧಾಟಿ, ಮುದ್ರಣಾಲಯದ ಹಿಂದಿನ ಮೆಟ್ಟಿಲ ಮೇಲೆ ಊಟದ ಬಿಡುವಿನಲ್ಲಿ ಕೂತು. ಅದಕ್ಕೆ ಪೀಠಿಕೆಯಿಲ್ಲ. ಮೂರೂ ವಾದ್ಯ ಒಂದೇ ಕ್ಷಣದಲ್ಲಿ ಧುಮುಕಬೇಕು. ನಾನು ಎಡಗಾಲಿನ ಬೂಟಿನಿಂದ ನೆಲಕ್ಕೆ ನಾಲ್ಕು ಸಲ ತಟ್ಟುತ್ತೇನೆ, ಐದನೆಯದರ ಜಾಗದಲ್ಲಿ ಸಂಗೀತ. ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ, ಕಿವಿ ಸಾಕು. ಅದು ನಮ್ಮ ಪದ್ಧತಿ, ನಮ್ಮ ಜಂಬ.

ಇಪ್ಪತ್ತೆಂಟು ವರ್ಷದ ಹಿಂದಿನ ಜೂನ್ 14, ಶನಿವಾರ, ಸಂಜೆ ಆರು ಇಪ್ಪತ್ತು. ಪುರಭವನದಲ್ಲಿ ಸ್ಪರ್ಧೆಯ ಕೊನೆಯ ಸುತ್ತು. ನಾನು ನಾಲ್ಕು ತಟ್ಟಿದೆ. ನಾನು ಹೊರಟೆ, ನನ್ನ ಮಗ್ಗುಲಲ್ಲಿದ್ದ ಒಂದೂವರೆ ಹೊರಟ. ವೇದಿಕೆಯ ಆಚೆ ತುದಿಯಲ್ಲಿದ್ದ ಬುಗುರಿ ಒಂದು ಎಣಿಕೆ ತಡವಾಗಿ ಬಂದಳು, ಮತ್ತೆ ಜಾಗವೇ ಸಿಗದೆ ಕೊನೆಯವರೆಗೂ ನಮ್ಮ ಹಿಂದೆ ಓಡಿದಳು. ಜನ ನಕ್ಕರು. ಒಳಗೆ ಬಂದ ಮೇಲೆ "ನನಗೆ ಕೇಳಿಸ್ಲಿಲ್ಲ" ಎಂದಳು. "ಹಾಗಾದ್ರೆ ಹೋಗಿ ಕಿವಿ ತೋರಿಸ್ಕೋ" ಎಂದೆ, ಎಲ್ಲರೆದುರಿಗೆ. ತಂಡ ಅಲ್ಲಿಗೆ ಮುಗಿಯಿತು. ಸ್ನೇಹ ಮುಗಿಯಲಿಲ್ಲ, ಆಸ್ಪತ್ರೆಗೆ ಹೋದಾಗ, ನಾನು ಮನೆ ಬದಲಿಸಿದಾಗ ಒಬ್ಬರಿಗೊಬ್ಬರು ಆಗಿದ್ದೇವೆ. ಆದರೆ ಸಂಗೀತ ಎಂಬುದು ಲೋಕದಲ್ಲೇ ಇಲ್ಲವೆಂಬಂತೆ.

ನುಡಿಸುತ್ತೇನೆ. ಆದರೆ ಅದಕ್ಕೂ ಮೊದಲು 'ತಪ್ಪು ನನ್ನದು' ಎಂದು ಅವಳು ಹೇಳಬೇಕು. ಎರಡೇ ಪದ.

ಮಾರ್ಚ್ 5, ಬುಧವಾರ

ಅಟ್ಟದಿಂದ ಅಕಾರ್ಡಿಯನ್ ಇಳಿಸಿದ್ದಾಯಿತು. ತಂಗಿ ಏಣಿ ಹಿಡಿದುಕೊಂಡು ಕೆಳಗಿನಿಂದ ಟೀಕೆ ಮಾಡುತ್ತಿದ್ದಳು. ಅವಳು ಟೈಲರ್, ನಡುಮನೆಯಲ್ಲೇ ಅವಳ ಹೊಲಿಗೆ ಯಂತ್ರ. ಹಾಗಾಗಿ ನನ್ನ ಬದುಕಿನ ಎಲ್ಲದಕ್ಕೂ ಸಾಕ್ಷಿ.

"ನೋಡಕ್ಕಾ, ಹುಳ ಹಿಡಿದಿರೋದು ಪೆಟ್ಟಿಗೆಗೆ ಮಾತ್ರ. ವಾದ್ಯ ಗಟ್ಟಿ ಇದೆ. ನಿನ್ನ ಹಾಗಲ್ಲ."

ಅಟ್ಟದಲ್ಲೇ ನನ್ನ ಪತ್ರಗಳ ಕಡತವೂ ಸಿಕ್ಕಿತು. ಪ್ರಕಟವಾದ ಪ್ರತಿಯೊಂದು ಪತ್ರವನ್ನೂ ಕತ್ತರಿಸಿ ಅಂಟಿಸಿದ್ದೇನೆ, ಒಟ್ಟು ಮುನ್ನೂರ ಹದಿನಾಲ್ಕು. ಆ ವರ್ಷದ ಜೂನ್ ತಿಂಗಳದನ್ನು ತಂಗಿಗೆ ಗಟ್ಟಿಯಾಗಿ ಓದಿ ಹೇಳಿದೆ: 'ಪುರಭವನದ ವೇದಿಕೆಗೆ ಹೊಸದಾಗಿ ಹಾಸಿರುವ ಕೆಂಪು ಕಾರ್ಪೆಟ್ಟು ಪಾದ ಮುಳುಗುವಷ್ಟು ದಪ್ಪವಾಗಿದ್ದು, ಧೂಳಿನ ಗೂಡಾಗಿದೆ. ಕಳೆದ ಶನಿವಾರ ಮೂವರು ಗಾಯಕರು ಹಾಡಿನ ನಡುವೆ ಸೀನಿದರು. ಕಲೆಗೆ ಬೇಕಾದ್ದು ಗಟ್ಟಿ ನೆಲವೇ ಹೊರತು ಮೆತ್ತನೆಯ ಮರ್ಯಾದೆಯಲ್ಲ.' ಒಳ್ಳೆಯ ವಾಕ್ಯ. ಈಗ ಯಾರು ಹೀಗೆ ಬರೆಯುತ್ತಾರೆ?

"ಸ್ಪರ್ಧೆ ಸೋತ ಸಿಟ್ಟನ್ನ ಕಾರ್ಪೆಟ್ ಮೇಲೆ ತೀರಿಸ್ಕೊಂಡಿದೀಯ," ಎಂದಳು ತಂಗಿ.

ಅದು ಸಾರ್ವಜನಿಕ ಹಿತಾಸಕ್ತಿ. ಅವಳಿಗೆ ಅರ್ಥವಾಗುವುದಿಲ್ಲ.

ಮಾರ್ಚ್ 9, ಭಾನುವಾರ

ಮೊದಲ ಅಭ್ಯಾಸ, ನಮ್ಮ ನಡುಮನೆಯಲ್ಲಿ. ತಂಗಿ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದಳು. ಅಭ್ಯಾಸಕ್ಕೆ ಚಾಪೆ ಎತ್ತಿಡುವುದು ನಮ್ಮಲ್ಲಿ ಹಳೆಯ ರೂಢಿ. ನಾನು ಮುದ್ರಣಾಲಯದ ಕಾಲದ ಬೂಟು ಹಾಕಿಕೊಂಡೆ, ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದು.

ಒಂದೂವರೆ ಈಗ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಗಾತ್ರದಲ್ಲಿ ಎರಡಾಗಿದ್ದಾನೆ. ಬಾಗಿಲಲ್ಲೇ "ಸೀಟ್ ಬೆಲ್ಟ್ ಹಾಕ್ಕೊಳ್ಳಿ ಎಲ್ಲ" ಎಂದ. ಕನ್ನಡಕದವರೂ ಬಂದಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಎದುರಿಗೆ ಕೂತವರ ಕನ್ನಡಕ ಕೊಳೆಯಾಗಿದ್ದರೆ ಸಹಿಸಲಾರರು. ಕಾಫಿ ಆರುವುದರೊಳಗೆ ನಮ್ಮ ಮೂವರ ಕನ್ನಡಕವನ್ನೂ ಕಿತ್ತುಕೊಂಡು, ಜೇಬಿನ ಬಟ್ಟೆಯಿಂದ ಒರೆಸಿ, ಮುಖಕ್ಕೆ ವಾಪಸು ಇಟ್ಟರು.

ನಾಲ್ಕು ತಟ್ಟಿದೆ. ಸಿಮೆಂಟು ನೆಲ ಗಂಟೆಯ ಹಾಗೆ ಉತ್ತರ ಕೊಟ್ಟಿತು. ಮೂವರೂ ಧುಮುಕಿದೆವು.

ಏನು ಬರೆಯಲಿ. ನನ್ನ ಎಡಗೈ ಮೂರು ಕಡೆ ತಪ್ಪಿತು, ಒಂದೂವರೆಗೆ ಉಸಿರು ಕಟ್ಟಿತು, ಬುಗುರಿಯ ಒಂದು ತಂತಿ ಹರಿಯಿತು. ಆದರೂ ಎರಡನೆಯ ಸುತ್ತಿಗೆ ಮೇಲಿನ ಮನೆಯವರು ಬಾಲ್ಕನಿಗೆ ಬಂದು ನಿಂತರಂತೆ. ಬೈಯಲು ಎಂದುಕೊಂಡೆ. ಅಲ್ಲವಂತೆ.

ಕಾಫಿಯ ನಂತರ ನಾನು ವಿಷಯಕ್ಕೆ ಬಂದೆ. "ಈಗ್ಲಾದ್ರೂ ಹೇಳಿಬಿಡು ಬುಗುರಿ. ಅವತ್ತು ತಪ್ಪು ಯಾರದು?"

ಅವಳು ಹರಿದ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನನಗೆ ಕೇಳಿಸ್ಲಿಲ್ಲ ಅಂತ ಅವತ್ತೇ ಹೇಳಿದೀನಲ್ಲ."

"ನಾನು ನಾಲ್ಕು ತಟ್ಟಿದೀನಿ."

"ತಟ್ಟಿರ್ತೀಯ. ನೀನು ಸುಳ್ಳು ಹೇಳಲ್ಲ. ನಾನೂ ಹೇಳಲ್ಲ."

ಇಬ್ಬರೂ ಸುಳ್ಳು ಹೇಳದಿದ್ದರೆ ಲೋಕ ಹೇಗೆ ನಡೆಯುತ್ತದೆ? ಒಂದೂವರೆ ಸೀಲಿಂಗ್ ಫ್ಯಾನ್ ನೋಡುತ್ತ ಕೂತ. ಬುಗುರಿ ಮ್ಯಾಂಡೊಲಿನ್ ಪೆಟ್ಟಿಗೆಗೆ ಹಾಕಿದಳು.

ಮಾರ್ಚ್ 12, ಬುಧವಾರ

ಬೆರಳು ನೋವು. ನಾಲ್ಕು ಗಂಟೆ ಅಭ್ಯಾಸ ಮಾಡಿದೆ. ಗಡಿಯಾರದ ಬಗ್ಗೆ ಎರಡನೆಯ ಪತ್ರ ಬರೆಯಬೇಕಿತ್ತು, ಆಗಲಿಲ್ಲ.

ಮಾರ್ಚ್ 20, ಗುರುವಾರ

ಬಗ್ಗಿದಾಗ ಕನ್ನಡಕ ಜಾರಿ ಅಕಾರ್ಡಿಯನ್ನಿನ ತಿದಿಯೊಳಗೆ ಬೀಳುವಂತಾಗುತ್ತದೆಂದು ಅಂಗಡಿಗೆ ಹೋಗಿದ್ದೆ. ಚಿಕ್ಕ ಅಂಗಡಿ, ಎರಡು ಗೋಡೆ ತುಂಬ ಕನ್ನಡಿ, ನನ್ನನ್ನು ನಾನೇ ಹನ್ನೊಂದು ಸಲ ನೋಡಬೇಕಾಯಿತು. ಯಾವುದೂ ಹಸನ್ಮುಖಿಯಲ್ಲ.

ಕನ್ನಡಕದವರು ಸಣ್ಣ ತಿರುಪುಳಿಯಿಂದ ಕಡ್ಡಿ ಬಿಗಿಮಾಡುತ್ತ, ಕೆಲಸದಿಂದ ಕಣ್ಣೆತ್ತದೆ ಹೇಳಿದರು:

"ಮೇಡಂ, ನಿಮಗೆ ಗೊತ್ತಿರಲಿ ಅಂತ ಹೇಳ್ತೀನಿ. ಅವಳು ಎರಡು ಸಲ ಕಿವಿ ತೋರಿಸ್ಕೊಂಡಿದಾಳೆ. ಒಂದು ಸಲ ಆ ಸ್ಪರ್ಧೆ ಆದ ವಾರ. ಇನ್ನೊಂದು ಸಲ ಐದು ವರ್ಷ ಬಿಟ್ಟು, ಬೇರೆ ಡಾಕ್ಟರ ಹತ್ರ."

"ಏನಂದ್ರಂತೆ?"

"ಎರಡೂ ಕಿವಿ ಸರಿ ಇದೆ ಅಂದ್ರಂತೆ. ಅವಳಿಗೆ ನಂಬಿಕೆ ಬಂದಿಲ್ಲ. 'ಕೋರ್ಟು ಹೇಳಿದ್ಮೇಲೆ ಏನೋ ಇರ್ಬೇಕು' ಅಂತಾಳೆ. ಅದಕ್ಕೇ ಆಮೇಲೆ ಯಾವ ತಂಡದ ಜೊತೆನೂ ನುಡಿಸಲಿಲ್ಲ. ಮನೆಲಿ ಒಬ್ಬಳೇ, ಆ ಗೋಡೆ ನೋಡ್ಕೊಂಡು."

ಕನ್ನಡಕವನ್ನು ನನ್ನ ಮೂಗಿಗೆ ಏರಿಸಿ, "ಈಗ ಸರಿ ಕಾಣ್ತಿದೆಯಾ?" ಎಂದರು.

ಸರಿ ಕಾಣುತ್ತಿದೆ ಎಂದೆ. ಕಿವಿ ಸರಿ ಇದ್ದರೆ ತಪ್ಪು ಇನ್ನೂ ದೊಡ್ಡದಾಯಿತು, ಗಮನವಿರಲಿಲ್ಲ ಎಂದಾಯಿತು ಎಂದು ವಾದಿಸಬಹುದಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಹೊಳೆದದ್ದು ಯಾಕೋ ರುಚಿಸಲಿಲ್ಲ. ನಿಲ್ದಾಣ ದಾಟಿ ಎರಡು ಸ್ಟಾಪು ಮುಂದೆ ಹೋಗಿಬಿಟ್ಟಿದ್ದೆ.

ಮಾರ್ಚ್ 27, ಗುರುವಾರ

ಸಮುದ್ರ. ಒಪ್ಪಿಕೊಳ್ಳುತ್ತೇನೆ, ಎದುರಿಗೆ ಏನೂ ಇಲ್ಲ.

ಹೋಟೆಲಿನವರು ಮಾತ್ರ ಆ ಏನೂ ಇಲ್ಲದ್ದಕ್ಕೂ ಹಗ್ಗ ಕಟ್ಟಿದ್ದಾರೆ. 'ಅತಿಥಿಗಳಿಗೆ ಮಾತ್ರ' ಎಂಬ ಫಲಕ ಬೇರೆ. ಮ್ಯಾನೇಜರ್ ಸೂಟಿನಲ್ಲಿ ಬೆವರುತ್ತ ಬಂದ.

"ದಡ ಸಾರ್ವಜನಿಕರದ್ದು. ಹಗ್ಗ ಯಾವ ಕಾನೂನಿನ ಪ್ರಕಾರ ಕಟ್ಟಿದೀರಿ?" ಎಂದು ಕೇಳಿದೆ.

"ಮೇಡಂ, ಹಗ್ಗ ಬಟ್ಟೆ ಒಣಗಿಸೋಕೆ. ಫಲಕ ಈಜುಕೊಳದ್ದು, ಗಾಳಿಗೆ ಹಾರಿ ಬಂದು ಇಲ್ಲಿ ನಿಂತಿದೆ."

ಹಿಂದಿನಿಂದ ತಂಗಿ, "ತೀರ್ಪು ವಾಪಸ್!" ಎಂದಳು. ಬುಗುರಿ ನಕ್ಕು ನಕ್ಕು ಮರಳಲ್ಲಿ ಕೂತುಬಿಟ್ಟಳು. ಅವಳು ಹಾಗೆ ನಗುವುದನ್ನು ನೋಡಿ ಬಹಳ ವರ್ಷವಾಗಿತ್ತು. ಎಷ್ಟು ವರ್ಷ ಎಂದು ನನಗೆ ಗೊತ್ತಿದೆ, ಬರೆಯುವುದಿಲ್ಲ.

ಉಪ್ಪು ಗಾಳಿಗೆ ಅಕಾರ್ಡಿಯನ್ನಿನ ಎರಡು ಕೀಲಿಗಳು ಉಬ್ಬಿ, ಒತ್ತಿದರೆ ಮೇಲೆ ಬರುತ್ತಿಲ್ಲ. ತಂಗಿ ಕೋಣೆಯ ಕೂದಲೊಣಗಿಸುವ ಯಂತ್ರ ಹಿಡಿದು, ಮಗುವಿಗೆ ತಲೆಸ್ನಾನ ಮಾಡಿಸಿದ ಹಾಗೆ ಅದನ್ನು ಒಣಗಿಸುತ್ತಿದ್ದಾಳೆ.

ಮಾರ್ಚ್ 28, ಶುಕ್ರವಾರ

ಅನಾಹುತ.

ನಾಳೆಯ ಏರ್ಪಾಡು ಹೀಗೆ: ನೀರಿನ ಹತ್ತಿರ ಅರವತ್ತು ಕುರ್ಚಿ. ಮುಂದೆ ಕನ್ನಡಕದವರು ನಿಂತಿರುತ್ತಾರೆ. ಪಕ್ಕದಲ್ಲಿ ನಾನು, ಒಂದೂವರೆ. ಬುಗುರಿ ಇಪ್ಪತ್ತು ಹೆಜ್ಜೆ ಹಿಂದೆ ಮರಗಳ ಸಾಲಿನಿಂದ ಮ್ಯಾಂಡೊಲಿನ್ ನುಡಿಸುತ್ತ ನಡೆದು ಬರಬೇಕು. ಎಲ್ಲರೂ ಬರಿಗಾಲು, ನಾನು ಬೂಟು. ತತ್ವ ತತ್ವವೇ. ಇವತ್ತು ಅದರ ಅಭ್ಯಾಸಕ್ಕೆ ನಿಂತೆವು.

ನಾಲ್ಕು ತಟ್ಟಿದೆ. ನಾನೂ ಒಂದೂವರೆಯೂ ಹೊರಟೆವು. ಬುಗುರಿ ಹೊರಡಲಿಲ್ಲ.

"ಕೇಳಿಸ್ಲಿಲ್ಲ ಕಣೇ!" ಎಂದು ಅಲ್ಲಿಂದ ಕೂಗಿದಳು.

ಅದೇ ಮಾತು, ಅದೇ ಧ್ವನಿ. ನನಗೆ ಮೈಯೆಲ್ಲ ಉರಿದುಹೋಯಿತು. "ಮತ್ತೆ ಶುರು ಮಾಡಿದೆಯಾ?" ಎಂದೆ.

"ನನಗೂ ಕೇಳಿಸಲಿಲ್ಲ ಮೇಡಂ," ಎಂದರು ನಾಲ್ಕು ಹೆಜ್ಜೆ ದೂರವಿದ್ದ ಕನ್ನಡಕದವರು.

"ನೀವು ಕಣ್ಣಿನ ವಿಭಾಗ. ಸುಮ್ಮನಿರಿ."

ಮತ್ತೆ ಎರಡು ಸಲ ತಟ್ಟಿದೆ. ಬೂಟು ಮರಳಲ್ಲಿ ಹೂತು ಹೋಗುತ್ತಿತ್ತು. ಬುಗುರಿ ಹತ್ತಿರ ಬಂದಳು. ಮುಖ ಸಣ್ಣದಾಗಿತ್ತು.

"ಬೇಡ ಬಿಡು. ನನ್ನ ಕಿವಿ ಸರಿ ಇಲ್ಲ. ನಾಳೆ ಅರವತ್ತು ಜನರೆದುರಿಗೆ ಮತ್ತೆ ಅದೇ ಆಗೋದು ಬೇಡ. ಫೋನಲ್ಲೇ ಏನಾದ್ರೂ ಹಾಕಿ, ನಾನು ಸುಮ್ನೆ ನಡ್ಕೊಂಡು ಬರ್ತೀನಿ."

ಫೋನು! ನಡುವೆ ಟೂತ್‌ಪೇಸ್ಟಿನ ಜಾಹೀರಾತು ಬರುವ ಫೋನು! ಈ ದೇಶದಲ್ಲಿ ಸಂಗೀತವನ್ನು ಡಬ್ಬಿಗೆ ತುಂಬಿ ಮನುಷ್ಯರನ್ನು ಹೊರಗೆ ನಿಲ್ಲಿಸಿದ್ದರ ಬಗ್ಗೆ ನಾನು ಏಳು ಪತ್ರ ಬರೆದಿದ್ದೇನೆ. ಅದಕ್ಕೆ ಅವಕಾಶ ಕೊಡುವುದು ಸಾಧ್ಯವೇ ಇಲ್ಲ. ಆ ಎರಡು ಪದದ ವಿಷಯ ಸದ್ಯಕ್ಕೆ ಬದಿಗಿರಲಿ. ಬುಗುರಿ 'ಮೆಟ್ಟಿಲು' ನುಡಿಸುತ್ತಲೇ ಬರಬೇಕು, ಇದು ಸಾಂಸ್ಕೃತಿಕ ಪ್ರಶ್ನೆ.

ಮರಳಿನದೇ ದೋಷವೆಂದು ತೀರ್ಮಾನಿಸಿ, ಒಂದು ಗಟ್ಟಿ ಹಲಗೆ ಒದಗಿಸುವಂತೆ ಮ್ಯಾನೇಜರಿಗೆ ಅರ್ಜಿ ಬರೆದೆ. ಒಂಬತ್ತು ಅಂಶ. ಅವನು ಪೂರ್ತಿ ಓದಿದ, ಅದೇ ಆಶ್ಚರ್ಯ.

"ಹಲಗೆ ಇಲ್ಲ ಮೇಡಂ. ಉಗ್ರಾಣದ ಬಾಗಿಲು ಇದೆ. ಕಳಚಿ ಕೊಡ್ಲಾ?"

ಸರ್ಕಾರಿ ಕಚೇರಿಗಳು ಇವನಿಂದ ಕಲಿಯಬೇಕು.

ಮಾರ್ಚ್ 30, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ಬಂತು. ತೇಗದ್ದು, ಚಿಲಕ ಸಮೇತ. ಮರಳ ಮೇಲೆ ಮಲಗಿಸಿ, ಕುರ್ಚಿ ಹಾಕಿ, ಬೂಟಿನಿಂದ ತಟ್ಟಿದೆ. ಠಕ್, ಠಕ್, ಠಕ್, ಠಕ್! ಅಲೆಯ ಸದ್ದನ್ನೂ ಸೀಳಿಕೊಂಡು ಹೋಯಿತು. ಬುಗುರಿ ಮರಗಳ ಹತ್ತಿರದಿಂದ ಎರಡೂ ಕೈ ಎತ್ತಿ ಕುಣಿದಳು. "ಕೇಳಿಸ್ತು! ಕೋರ್ಟು, ಕೇಳಿಸ್ತು ಕಣೇ!" ಐವತ್ತಾರು ವರ್ಷದ ಹೆಂಗಸು, ತಲೆಗೆ ಟವೆಲ್ ಸುತ್ತಿಕೊಂಡು.

ನಾಲ್ಕೂವರೆಗೆ ಮದುವೆ. ಕುರ್ಚಿಗಳೆಲ್ಲ ತುಂಬಿದ್ದವು. ಕನ್ನಡಕದವರು ಪ್ಯಾಂಟನ್ನು ಎರಡು ಮಡಿಕೆ ಏರಿಸಿ ಬರಿಗಾಲಲ್ಲಿ ನಿಂತಿದ್ದರು, ಶಾಲೆಗೆ ಹೊಸದಾಗಿ ಸೇರಿದ ಹುಡುಗನ ಹಾಗೆ. ಗಾಳಿಗೆ ಹೂಗಳು ಹಾರಿ ಯಾರದೋ ಮಡಿಲಿಗೆ ಬೀಳುತ್ತಿದ್ದವು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಅಕಾರ್ಡಿಯನ್ನಿನ ಪಟ್ಟಿ ಬಿಗಿಮಾಡಿಕೊಳ್ಳುವ ಗಡಿಬಿಡಿಯಲ್ಲಿ ಕೆಳಗೆ ನೋಡಲಿಲ್ಲ. ದೂರದಲ್ಲಿ ಬುಗುರಿ ತಂಗಿ ಹೊಲಿದುಕೊಟ್ಟ ಹಳದಿ ಉಡುಪಿನಲ್ಲಿ ನಿಂತಿದ್ದಳು. ಮ್ಯಾಂಡೊಲಿನ್ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕಿವಿ ಮಾತ್ರ ನನ್ನ ಕಡೆಗೆ.

ನಾಲ್ಕು ತಟ್ಟಿದೆ.

ನಾನು ಹೊರಟೆ. ಒಂದೂವರೆ ಹೊರಟ. ಬುಗುರಿ ನಿಂತೇ ಇದ್ದಳು.

ಅರವತ್ತು ಜನ ಹಿಂದೆ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಅದೇ ನಗು, ಇಪ್ಪತ್ತೆಂಟು ವರ್ಷವಾದರೂ ಮುಪ್ಪಾಗದ ನಗು. ಬುಗುರಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕೈ ನಿಧಾನವಾಗಿ ಮೇಲೆದ್ದು ತನ್ನ ಕಿವಿಯನ್ನು ಮುಟ್ಟಿತು.

ನಾನು ನುಡಿಸುವುದನ್ನು ನಿಲ್ಲಿಸಿ ಕಾಲಿನ ಕಡೆ ನೋಡಿದೆ. ಬಾಗಿಲು ಕಾಣಿಸಲಿಲ್ಲ. ಅದರ ಮೇಲೆ ನೀಲಿ ಕಾರ್ಪೆಟ್ಟು ಇತ್ತು, ಪಾದ ಮುಳುಗುವಷ್ಟು ದಪ್ಪದ್ದು. ಮ್ಯಾನೇಜರ್ ಪಕ್ಕದಲ್ಲೇ ಹಸನ್ಮುಖಿಯಾಗಿ ನಿಂತಿದ್ದ. "ಹಳೆ ಬಾಗಿಲು ಚೆನ್ನಾಗಿ ಕಾಣಲ್ಲ ಅಂತ ನಾನೇ ಹಾಕ್ಸಿದೆ ಮೇಡಂ, ನಿಮ್ಮ ಮರ್ಯಾದೆಗೆ," ಎಂದು ಪಿಸುಗುಟ್ಟಿದ.

ಇನ್ನೊಂದು ಸಲ ತಟ್ಟಿದೆ. ಏನೂ ಕೇಳಿಸಲಿಲ್ಲ. ಕಾಲು ನನ್ನದು, ಕಿವಿ ನನ್ನದು, ಆದರೂ ಕೇಳಿಸಲಿಲ್ಲ.

ಅದಕ್ಕೂ ಮೊದಲು ಯಾರಾದರೂ ನನ್ನನ್ನು ಕೇಳಿದ್ದರೆ ಪುರಭವನದ ಕಾರ್ಪೆಟ್ಟಿನ ಬಣ್ಣ, ದಪ್ಪ, ಸೀನಿದವರ ಸಂಖ್ಯೆ ಎಲ್ಲವನ್ನೂ ಹೇಳುತ್ತಿದ್ದೆ. ಮನೆಯಲ್ಲಿ ಚಾಪೆ ಯಾಕೆ ಎತ್ತಿಡುತ್ತೇವೆ ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ. ಎರಡೂ ಒಂದೇ ತಲೆಯಲ್ಲಿ ಇಪ್ಪತ್ತೆಂಟು ವರ್ಷ ಅಕ್ಕಪಕ್ಕ ಕೂತಿದ್ದವು. ಒಂದಕ್ಕೊಂದು ಪರಿಚಯವಾಗಿರಲಿಲ್ಲ.

"ಕಾರ್ಪೆಟ್ಟು!" ಎಂದೆ. ಗಟ್ಟಿಯಾಗಿಯೇ ಎಂದಿರಬೇಕು, ಮೊದಲ ಸಾಲಿನವರು ಬೆಚ್ಚಿದರು.

ಎದ್ದೆ. ಹನ್ನೆರಡು ಕಿಲೋ ಅಕಾರ್ಡಿಯನ್ ಎದೆಗೆ ಕಟ್ಟಿಕೊಂಡು ಕುರ್ಚಿಗಳ ನಡುವೆ ನಡೆದೆ. ಬೂಟು ಮರಳು ತುಂಬಿಕೊಂಡು ಹೆಜ್ಜೆಗೊಂದು ಸೇರು ಭಾರವಾಗುತ್ತಿತ್ತು. ಇಪ್ಪತ್ತು ಹೆಜ್ಜೆ ಇಷ್ಟು ದೂರವೆಂದು ಗೊತ್ತಿರಲಿಲ್ಲ. ಬುಗುರಿಯ ಎದುರಿಗೆ ನಿಂತಾಗ ನನಗೆ ಏದುಸಿರು.

"ನಿನ್ನ ಕಿವಿ ಸರಿ ಇದೆ ಕಣೇ."

"ಏನು?"

"ಸರಿ ಇದೆ. ಯಾವಾಗ್ಲೂ ಸರಿ ಇತ್ತು. ಅವತ್ತು ವೇದಿಕೆ ಮೇಲೆ ಕಾರ್ಪೆಟ್ ಇತ್ತು. ನಾನು ತಟ್ಟಿದ್ದು ನನ್ನ ಪಕ್ಕದಲ್ಲಿದ್ದ ಒಂದೂವರೆಗೆ ಕಂಡಿದೆ. ನಿನಗೆ ಕೇಳಿಸಿಲ್ಲ. ಯಾರಿಗೂ ಕೇಳಿಸ್ತಿರಲಿಲ್ಲ."

ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಹೆಕ್ಕಿಕೊಂಡ ಹಾಗೆ ಹೇಳಿದಳು:

"ಅದರ ಬಗ್ಗೆ... ನೀನು... ಪೇಪರಿಗೆ ಬರೆದಿದ್ದೆಯಲ್ಲೇ!"

"ಬರೆದಿದ್ದೆ."

"ಅಯ್ಯೋ ನಿನ್ನ! ಧೂಳು ಕಂಡಿತು, ಸೀನಿದವರು ಕಂಡರು..."

"ತಪ್ಪು ನನ್ನದು," ಎಂದೆ.

ಎರಡೇ ಪದ. ಹೇಳಲು ಅಷ್ಟೇನೂ ಕಷ್ಟವಲ್ಲ. ಅವಳಿಂದ ನಿರೀಕ್ಷಿಸಿದ್ದರಲ್ಲಿ ಅನ್ಯಾಯವಿರಲಿಲ್ಲ.

ಬುಗುರಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು. ಮ್ಯಾಂಡೊಲಿನ್ ಹಿಡಿದ ಕೈಯಲ್ಲೇ ನನ್ನ ಹೆಗಲಿಗೆ ಒಂದು ಗುದ್ದು ಬಿತ್ತು. ಇಪ್ಪತ್ತೆಂಟು ವರ್ಷದ್ದು, ಜೋರಾಗಿಯೇ ಇತ್ತು. ಹಿಂದಿನಿಂದ ಒಂದೂವರೆ ಕೂಗಿದ: "ಸಿಗ್ನಲ್ ಹಸಿರಾಗಿದೆ, ಹೊರಡ್ತೀರಾ ಇಲ್ವಾ?" ಡ್ರಮ್ಮನ್ನು ಕತ್ತಿಗೆ ನೇತು ಹಾಕಿಕೊಂಡು ಅವನೂ ಓಡಿ ಬರುತ್ತಿದ್ದ. ಅವನು ಓಡಿದ್ದನ್ನು ನಾನು ಇದೇ ಮೊದಲ ಸಲ ನೋಡಿದ್ದು.

"ಹೇಗೆ ಶುರು ಮಾಡೋದು?" ಎಂದಳು ಬುಗುರಿ. "ತಟ್ಟೋಕೆ ನೆಲ ಇಲ್ವಲ್ಲ."

"ನನ್ನ ಮುಖ ನೋಡು," ಎಂದೆ.

ನೋಡಿದಳು. ಒಂದೂವರೆಯೂ ನೋಡಿದ. ನಾನು ಗದ್ದ ನಾಲ್ಕು ಸಲ ಅಲ್ಲಾಡಿಸಿದೆ. ಐದನೆಯದಕ್ಕೆ ಮೂವರೂ ಧುಮುಕಿದೆವು.

ಹಾಗೆ ನುಡಿಸುತ್ತಲೇ ಮೂವರೂ ನಡೆದು ಬಂದೆವು, ಅವಳು ನಡುವೆ, ನಾವು ಅಕ್ಕಪಕ್ಕ. ನನ್ನ ಉಬ್ಬಿದ ಎರಡು ಕೀಲಿಗಳಲ್ಲಿ ಒಂದು ಸಿಕ್ಕಿಹಾಕಿಕೊಂಡು ಕೊನೆಯವರೆಗೂ ಒಂದೇ ಸ್ವರ ಕೂಗುತ್ತಿತ್ತು. ಯಾರೂ ನಗಲಿಲ್ಲ. ಅಥವಾ ಎಲ್ಲರೂ ನಗುತ್ತಿದ್ದರು, ಬೇರೆ ಥರ. ಕನ್ನಡಕದವರ ಹತ್ತಿರ ಬಂದು ನಿಂತಾಗ ಅವರು ವಧುವನ್ನು ನೋಡುವ ಬದಲು ನನ್ನ ಕನ್ನಡಕ ಕಿತ್ತುಕೊಂಡು ಒರೆಸತೊಡಗಿದರು.

"ಗಾಜಿಗೆ ಉಪ್ಪು ಹತ್ತಿದೆ ಮೇಡಂ," ಎಂದರು.

"ಸಮುದ್ರದ ಗಾಳಿ," ಎಂದೆ.

"ಹೌದು. ಒಳಗಡೆಯಿಂದ ಬೀಸ್ತಾ ಇದೆ."

ಉಂಗುರ, ಸಹಿ, ಕೇಕು ಎಲ್ಲ ಸರಿಯಾಗಿ ನಡೆದವು. ಕೇಕಿನ ಮೇಲಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತಂತೆ. ತಂಗಿ ಹೇಳಿದ ಮೇಲೆ ಗೊತ್ತಾಯಿತು.

ಏಪ್ರಿಲ್ 4, ಶುಕ್ರವಾರ

ಮನೆಗೆ ಬಂದು ನಾಲ್ಕು ದಿನವಾಯಿತು. ಬೂಟಿನಿಂದ ಎರಡು ಹಿಡಿ ಮರಳು ಬಂತು. ತಂಗಿ ಬಾಟಲಿಗೆ ತುಂಬಿ ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟಿದ್ದಾಳೆ. ಅಸಂಬದ್ಧ.

ಪತ್ರಿಕೆಗಳು ತಪ್ಪು ಮಾಡಿದರೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಪ್ರಕಟಿಸಬೇಕು, ಮೂಲೆಯಲ್ಲಿ ಇರುವೆಗಳಿಗೆ ಓದಲು ಹಾಕಬಾರದು ಎಂದು ನಲವತ್ತು ವರ್ಷಗಳಿಂದ ಹೋರಾಡಿದವಳು ನಾನು. ಆ ವರ್ಷದ ದಿನಚರಿಯನ್ನು ಅಟ್ಟದಿಂದ ಇಳಿಸಿದೆ. ಜೂನ್ 14ರ ಪುಟ. ಇಡೀ ಪುಟ ತುಂಬ ಬುಗುರಿಯ ಮೇಲೆ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ, ಮೂರು ಕಡೆ ಅಡಿಗೆರೆ. ನನ್ನ ಬೈಗುಳದ ಶೈಲಿ ಆಗಲೇ ಚೆನ್ನಾಗಿತ್ತು.

ಕೆಂಪು ಪೆನ್ನು ತೆಗೆದುಕೊಂಡೆ. ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದೆ: 'ತಿದ್ದುಪಡಿ. ಅವಳಿಗೆ ಕೇಳಿಸಲಿಲ್ಲ ಎಂಬುದು ನಿಜ. ಕಾರ್ಪೆಟ್ಟು ಇತ್ತು. ನಾನು ಕೆಳಗೆ ನೋಡಲಿಲ್ಲ.' ಅಡಿಗೆರೆಯನ್ನೂ ಮೂರು ಕಡೆ ಎಳೆದೆ.

ಫೋಟೋ ತೆಗೆದು ಬುಗುರಿಗೆ ಕಳಿಸಿದೆ. ಕೂಡಲೇ ಫೋನು ಬಂತು. "ಇದನ್ನ ಫ್ರೇಮ್ ಹಾಕಿಸಿ ಕಿಟಕಿ ಹತ್ರ ತೂಗುಹಾಕ್ತೀನಿ. ಆ ಗೋಡೆಗಿಂತ ನೋಡೋಕೆ ಚೆನ್ನಾಗಿದೆ. ಭಾನುವಾರ ಬರ್ಲಾ ನುಡಿಸೋಕೆ?"

ಚೌಕದ ಗಡಿಯಾರ ಇನ್ನೂ ನಿಂತೇ ಇದೆಯಂತೆ, ತಂಗಿ ಹೇಳಿದಳು. ಮುಂದಿನ ವಾರ ಬರೆದರಾಯಿತು.

ಏಪ್ರಿಲ್ 6, ಭಾನುವಾರ

ಹತ್ತು ಗಂಟೆಗೆ ಬರುತ್ತೇವೆ ಎಂದಿದ್ದಾರೆ, ಇನ್ನೈದು ನಿಮಿಷವಿದೆ. ಒಂದೂವರೆ ಹೊಸ ಧಾಟಿ ಕಟ್ಟಿದ್ದಾನಂತೆ, 'ರಿವರ್ಸ್ ಗೇರು' ಎಂದು ಹೆಸರು. ದೇವರೇ ಗತಿ.

ಅಕಾರ್ಡಿಯನ್ ಒರೆಸಿ ಕುರ್ಚಿಯ ಮೇಲೆ ಇಟ್ಟೆ. ತಂಗಿ ರೂಢಿಯಂತೆ ಚಾಪೆ ಸುತ್ತಲು ಬಗ್ಗಿದಳು.

"ಇರ್ಲಿ ಬಿಡು," ಎಂದೆ. "ಬರಿಗಾಲಿಗೆ ನೆಲ ತಣ್ಣಗೆ ಹೊಡಿಯುತ್ತೆ."

ಅವಳು ಬಗ್ಗಿದಲ್ಲೇ ನಿಂತು ನನ್ನ ಪಾದಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು, ಆಮೇಲೆ ಹೋಗಿ ಕಾಫಿಗೆ ನೀರಿಟ್ಟಳು. ಅಷ್ಟು ನೋಡುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಕರೆಗಂಟೆ ಬಾರಿಸುತ್ತಿದ್ದಾರೆ. ಒಂದು, ಎರಡು, ಮೂರು, ನಾಲ್ಕು. ಬುಗುರಿಯೇ.